ಕೂಸಿನ ಮಿದುಳು ಕಂಪನಿಗಳ ಪ್ರಯೋಗಶಾಲೆಯೇ?

ನಮ್ಮ ಆಲಮಟ್ಟಿ, ನಿಡಗುಂದಿ, ಬಾಗೇವಾಡಿ ಸೀಮೆಯಲ್ಲಿ ಕೀಟನಾಶಕಕ್ಕೆ ಯಾರೂ ಕೀಟನಾಶಕವೆನ್ನುವದಿಲ್ಲ, ಎಣ್ಣೆ ಎನ್ನುತ್ತಾರೆ. ಹತ್ತಿಗೆ ಎಣ್ಣೆ ಹೊಡೆದಾಯಿತು, ತೊಗರಿಗೆ ಹೊಡೆಯಬೇಕು, ದ್ರಾಕ್ಷಿಗೆ ಮತ್ತೊಂದು ಸಲ ಬೇಕು. ಒಗ್ಗರಣೆಗೆ ಹಾಕುವದಕ್ಕೂ ದೇವರ ದೀಪಕ್ಕೆ ಹಾಕುವದಕ್ಕೂ ಇರುವ ಹೆಸರೇ ಈ ವಿಷಕ್ಕೂ ಬಂದುಬಿಟ್ಟಿದೆ. 1964ರಲ್ಲಿ ಲಾಲಬಹಾದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಆಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಹೊಲಕ್ಕೆ ನೀರು ಹರಿಯುವಷ್ಟರಲ್ಲಿ ತಲೆಮಾರುಗಳೇ ಕಳೆದವು. ಎಡದಂಡೆ ಕಾಲುವೆಯಿಂದ, ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳಿಂದ ನೀರು ಬಂದ ಕಡೆಯಲ್ಲಿ ಬೆಳೆ ಬದಲಾಯಿತು. ಬೆಳೆಯ ಹಿಂದೆ ಹುಳ, ಹುಳದ ಹಿಂದೆ ಎಣ್ಣೆ. ನೀರು ಬರುವದು ತಡವಾಯಿತು, ಎಣ್ಣೆ ತಡಮಾಡಲಿಲ್ಲ.

ಆ ಎಣ್ಣೆಯ ಡಬ್ಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಓರೆಯಾಗಿ ನಿಲ್ಲಿಸಿದ ಒಂದು ಚೌಕ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪಿದ್ದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಈ ಬಣ್ಣವನ್ನು ಗೊತ್ತುಮಾಡುವ ಬಗೆ ಏನು? ಪ್ರಯೋಗದ ಪ್ರಾಣಿಗಳಿಗೆ ತಿನ್ನಿಸಿ, ಎಷ್ಟು ತಿಂದರೆ ಅವುಗಳಲ್ಲಿ ಅರ್ಧದಷ್ಟು ಸಾಯುತ್ತವೆಂದು ಲೆಕ್ಕ ಹಾಕುತ್ತಾರೆ. ಮೈತೂಕದ ಒಂದು ಕಿಲೋಗೆ 50 ಮಿಲಿಗ್ರಾಮಿನೊಳಗೆ ಅರ್ಧ ಸತ್ತರೆ ಕೆಂಪು, 500ರ ತನಕ ಹಳದಿ, 5,000ದ ತನಕ ನೀಲಿ, ಅದರಾಚೆ ಹಸಿರು. ಅಂದರೆ ಈ ಬಣ್ಣ ಹೇಳುವದು ಸಾವಿನ ಲೆಕ್ಕವನ್ನು ಮಾತ್ರ. ಇದನ್ನು ಹೊಡೆದ ಹೊಲದಲ್ಲಿ ಮರುದಿನ ಕಸ ಕೀಳಲು ಹೋಗುವ ಬಸುರಿಯ ಹೊಟ್ಟೆಯಲ್ಲಿಯ ಕೂಸಿನ ಮಿದುಳಿಗೆ ಏನಾಗುವದೆಂಬುದನ್ನು ಹೇಳುವ ಬಣ್ಣ ಯಾವದು? ಅಂಥ ಬಣ್ಣವೇ ಇಲ್ಲ. ನಮ್ಮ ತಕರಾರು ಇಲ್ಲಿಂದ ಆರಂಭವಾಗುತ್ತದೆ.

ಸತ್ತವರನ್ನು ಎಣಿಸುವದು ಸುಲಭ. ಸಾಯದೆ ಕುಂದಿದವರನ್ನು ಎಣಿಸುವವರಾರು? ಆ ಕೂಸು ಹುಟ್ಟುತ್ತದೆ, ಬೆಳೆಯುತ್ತದೆ, ಶಾಲೆಗೂ ಬರುತ್ತದೆ. ಬೆಳಿಗ್ಗೆ ಕಲಿತ ಮಗ್ಗಿ ಸಂಜೆಗೆ ಮರೆಯುತ್ತದೆ. ಒಂದು ಕಡೆ ಕುಳಿತು ಕೇಳಲಾರದು. ಪಕ್ಷದ ಕೆಲಸಕ್ಕೆ ಬರುವ ಮುಂಚೆ ಸೀಮೆಸುಣ್ಣ ಹಿಡಿದ ಕೈ ನಮ್ಮದು. ಇಂಥ ಮಕ್ಕಳನ್ನು ಕಾಣದ ಮಾಸ್ತರನಿಲ್ಲ. ಊರಿನವರು ಅವನ ಹಣೆಬರಹವೆನ್ನುತ್ತಾರೆ, ಉಳ್ಳವರು ಅವನ ಜಾತಿಯೇ ಹಾಗೆ ಎನ್ನುತ್ತಾರೆ, ಇಲಾಖೆಯವರು ಫಲಿತಾಂಶ ಕಡಿಮೆಯೆಂದು ಮಾಸ್ತರನಿಗೆ ನೋಟೀಸು ಕೊಡುತ್ತಾರೆ. ಹಿಂದುಳಿದ ಪ್ರತಿಯೊಂದು ಮಗುವೂ ವಿಷದಿಂದಲೇ ಹಾಗಾಯಿತೆಂದು ನಾವು ಹೇಳುತ್ತಿಲ್ಲ. ಹಸಿವೆ ಇದೆ, ತಾಯಿಯ ರಕ್ತಹೀನತೆ ಇದೆ, ನಾಲ್ಕು ತರಗತಿಗೆ ಒಬ್ಬನೇ ಮಾಸ್ತರನಿರುವ ಶಾಲೆ ಇದೆ. ಆದರೆ ಇವೆಲ್ಲವುಗಳ ನಡುವೆ ಒಂದು ಕಾರಣ ಮಾತ್ರ ಲಾಭಕ್ಕಾಗಿ ತಯಾರಾಗಿ, ರಸೀತಿಯೊಡನೆ ಮಾರಾಟವಾಗಿ ಬರುತ್ತದೆ. ಅದನ್ನು ತಡೆಯಬಹುದು. ತಡೆಯುತ್ತಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆಂಬುದು ಕಠಿಣ ವಿದ್ಯೆಯೇನಲ್ಲ. ಕ್ಲೋರೋಪೈರಿಫಾಸ್, ಮೊನೊಕ್ರೋಟೊಫಾಸ್ ಮುಂತಾದ ರಂಜಕದ ಜಾತಿಯ ಎಣ್ಣೆಗಳು ಹುಳವನ್ನು ಕೊಲ್ಲುವದು ಅದರ ನರಗಳನ್ನು ಹಿಡಿದು. ಒಂದು ನರ ಇನ್ನೊಂದಕ್ಕೆ ಸುದ್ದಿ ಕೊಡುವಾಗ ಒಂದು ರಸ ಒಸರುತ್ತದೆ. ಕೆಲಸ ಮುಗಿದ ಕೂಡಲೇ ಆ ರಸವನ್ನು ಒರೆಸಿಹಾಕಲು ಮೈಯಲ್ಲಿ ಒಂದು ಕಿಣ್ವವಿರುತ್ತದೆ. ಎಣ್ಣೆ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲುವದಿಲ್ಲ, ಹುಳ ನಡುಗಿ ನಡುಗಿ ಸಾಯುತ್ತದೆ. ಅದೇ ರಸ, ಅದೇ ಕಿಣ್ವ ಮನುಷ್ಯನಲ್ಲಿಯೂ ಇವೆ. ದೊಡ್ಡವರ ಮಿದುಳು ಕಟ್ಟಿ ಮುಗಿದ ಮನೆ; ಗರ್ಭದಲ್ಲಿರುವ ಕೂಸಿನದು ಇನ್ನೂ ಗೋಡೆ ಏಳುತ್ತಿರುವ ಮನೆ. ಯಾವ ನರ ಎಲ್ಲಿಗೆ ಹೋಗಿ ಯಾವದಕ್ಕೆ ಕೂಡಿಕೊಳ್ಳಬೇಕೆಂಬುದು ಆ ತಿಂಗಳುಗಳಲ್ಲಿಯೇ ಗೊತ್ತಾಗಬೇಕು. ವಿಷವನ್ನು ಮುರಿಯುವ ಶಕ್ತಿ ಎಳೆಗೂಸಿನ ಮೈಯಲ್ಲಿ ಇನ್ನೂ ಬಂದಿರುವದಿಲ್ಲ. ಮೈತೂಕಕ್ಕೆ ಹೋಲಿಸಿದರೆ ಮಗು ನಮಗಿಂತ ಹೆಚ್ಚು ಗಾಳಿ ಉಸಿರಾಡುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ನೆಲದ ಮೇಲೆ ತೆವಳಿ ಆ ಕೈಯನ್ನೇ ಬಾಯಿಗಿಡುತ್ತದೆ.

ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಸಲೀನಾಸ್ ಎಂಬ ಕಣಿವೆಯಿದೆ. ಕಾಯಿಪಲ್ಯೆಗೆ ಹೆಸರಾದ ಸೀಮೆ. ಅಲ್ಲಿಯ ಹೊಲಗಳಲ್ಲಿ ದುಡಿಯುವವರು ಹೆಚ್ಚಾಗಿ ಮೆಕ್ಸಿಕೋದಿಂದ ಬಂದ ಬಡ ಕೂಲಿಕಾರರು. ಅವರ ಕುಟುಂಬಗಳ ಬಸುರಿ ಹೆಂಗಸರ ಮೂತ್ರದಲ್ಲಿ ಈ ಎಣ್ಣೆಗಳ ಅಂಶ ಎಷ್ಟಿದೆಯೆಂದು ವಿಶ್ವವಿದ್ಯಾಲಯದವರು ಅಳೆದಿಟ್ಟರು. ಮಕ್ಕಳಿಗೆ ಏಳು ವರ್ಷವಾದಾಗ ಬುದ್ಧಿಮತ್ತೆಯನ್ನು ಪರೀಕ್ಷಿಸಿದರು. ಅಂಶ ಅತಿ ಹೆಚ್ಚಿದ್ದ ತಾಯಂದಿರ ಮಕ್ಕಳು ಅತಿ ಕಡಿಮೆಯಿದ್ದವರ ಮಕ್ಕಳಿಗಿಂತ ಸರಾಸರಿ ಏಳು ಅಂಕ ಹಿಂದಿದ್ದರು. 2011ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ನ್ಯೂಯಾರ್ಕಿನ ಬಡ ಓಣಿಗಳಿಂದಲೂ ಇಂಥದೇ ವರದಿ ಬಂತು. ಅಲ್ಲಿ ಹೊಲವಿರಲಿಲ್ಲ, ಮನೆಯ ಜಿರಲೆಗೆ ಹೊಡೆದ ಕ್ಲೋರೋಪೈರಿಫಾಸ್ ಇತ್ತು. ಏಳು ಅಂಕವೆಂದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಸಾಹುಕಾರನ ಮಗನಿಗೆ ಏಳು ಅಂಕ ಕಡಿಮೆಯಾದರೆ ಟ್ಯೂಷನ್ನು ಇಟ್ಟು ತುಂಬಿಸುತ್ತಾರೆ. ಕೂಲಿಯವಳ ಮಗ ಅದೇ ಏಳು ಅಂಕದಿಂದ ಶಾಲೆ ಬಿಡುತ್ತಾನೆ.

ಅಮೇರಿಕೆಯ ಮಾತು ಇಲ್ಲಿಗೆ ಸಾಕು. ಕನ್ನಡ ಮಾತನಾಡುವ ಮಕ್ಕಳ ಮೇಲೆಯೇ ಈ ಪ್ರಯೋಗ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದಿದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ ಎಂಬ ಗ್ರಾಮವಿದೆ. ಅಲ್ಲಿಯ ಒಂದು ಸ್ಥಳಕ್ಕೆ ಸ್ವರ್ಗವೆಂದೇ ಹೆಸರು. ಗುಡ್ಡದ ಮೇಲೆಲ್ಲ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಕೆಳಗೆ ಕಣಿವೆಯಲ್ಲಿ ಜನ. ಗೇರಿಗೆ ಬೀಳುವ ಚಹಾ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಾವಿ ಮುಚ್ಚಿಕೊಳ್ಳಿರೆಂದು ಜನರಿಗೆ ಹೇಳುವದು ನಿಯಮವಂತೆ. ಆ ಸೀಮೆಯ ನೀರು ಸುರಂಗಗಳಿಂದ ಹರಿದು ತೋಡುಗಳಲ್ಲಿ ಬರುವಂಥದು. ಹರಿಯುವ ತೋಡಿಗೆ ಮುಚ್ಚಳ ಹಾಕುವ ಕುಶಲಕರ್ಮಿ ಇನ್ನೂ ಹುಟ್ಟಿಲ್ಲ.

ಮೊದಲು ಕರುಗಳು ಕಾಲು ತಿರುಚಿ ಹುಟ್ಟಿದವು. ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಇದನ್ನು ಬರೆದರು. 1982ರಿಂದ ವಾಣಿನಗರದಲ್ಲಿ ವೈದ್ಯ ಮಾಡುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರು, ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಇಷ್ಟೊಂದು ಅಪಸ್ಮಾರ, ಇಷ್ಟೊಂದು ಅಂಗವೈಕಲ್ಯ ಯಾಕೆಂದು ಮನೆಮನೆಯ ಲೆಕ್ಕ ಬರೆದಿಟ್ಟರು. ಹಳ್ಳಿಯ ವೈದ್ಯನ ನೋಟುಪುಸ್ತಕವನ್ನು ದೊಡ್ಡವರು ಶಾಸ್ತ್ರವೆಂದು ಒಪ್ಪುವರೇ? ಕೃಷಿ ಇಲಾಖೆಯಲ್ಲಿಯೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಧೀರ ಹೆಂಗಸು ಹೊಸದುರ್ಗದ ಮುನಸೀಫ ಕೋರ್ಟಿಗೆ ಹೋಗಿ ಹೆಲಿಕಾಪ್ಟರಿಗೆ ತಡೆ ತಂದರು. ಮಂತ್ರಿಗಳಿಂದ ಆಗದ ಕೆಲಸವನ್ನು ಮುನಸೀಫರು ಮಾಡಿದರು.

ಆಮೇಲಿನ ಕಥೆಯನ್ನು ವಾಚಕರು ಲಕ್ಷ್ಯಗೊಟ್ಟು ಓದಬೇಕು, ಯಾಕಂದರೆ ನಾಳೆ ನಮ್ಮ ತಾಲೂಕಿನಲ್ಲಿಯೂ ಇದೇ ನಾಟಕ ನಡೆಯುವದು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ಜನರ ನೆತ್ತರಿನಲ್ಲಿ ಎಂಡೋಸಲ್ಫಾನ್ ಇದೆಯೆಂದರು. ತೋಟದ ಕಾರ್ಪೊರೇಶನ್ನು ತಾನೇ ಹಣ ಕೊಟ್ಟು ಬೇರೊಂದು ಸಂಸ್ಥೆಯಿಂದ ಪರೀಕ್ಷೆ ಮಾಡಿಸಿತು. ನೆತ್ತರಿನಲ್ಲಿ ಏನೂ ಇಲ್ಲವೆಂಬ ಉತ್ತರ ಬಂತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಅದೂ ಸರಕಾರದ್ದೇ, ಬಂದು ಶಾಲೆಯ ಮಕ್ಕಳನ್ನು ಪರೀಕ್ಷಿಸಿತು. ಕಲಿಕೆಯ ತೊಂದರೆ, ಬುದ್ಧಿ ಕಡಿಮೆ ಇರುವದು ಇಲ್ಲಿ ಬೇರೆ ಊರಿಗಿಂತ ಹೆಚ್ಚೆಂದು ಅದರ ವರದಿ ಹೇಳಿತು. 117 ಹುಡುಗರನ್ನು ಎಣ್ಣೆ ಬೀಳದ ಊರಿನ 90 ಹುಡುಗರೊಡನೆ ಹೋಲಿಸಿ, ಇವರು ಪ್ರಾಯಕ್ಕೆ ಬರುವದೂ ತಡವೆಂದು 2003ರಲ್ಲಿ ಪ್ರಕಟಿಸಿತು. ಆಗ ದಿಲ್ಲಿಯ ಕೃಷಿ ಇಲಾಖೆಯವರು ಏನು ಮಾಡಿದರು? ಕಮಿಟಿಯ ಮೇಲೆ ಕಮಿಟಿ. ದುಬೆ ಕಮಿಟಿ ಸಂಬಂಧವಿಲ್ಲವೆಂದಿತು, ಮಾಯೀ ಕಮಿಟಿಯೂ ಅದೇ ರಾಗ ಹಾಡಿತು. ಮಗು ತನ್ನ ಕುಂದಿದ ಮಿದುಳನ್ನೇ ಸಾಕ್ಷಿಯಾಗಿ ತಂದು ನಿಲ್ಲಿಸಿದರೂ, ಇದು ಎಂಡೋಸಲ್ಫಾನಿನಿಂದಲೇ ಆಯಿತೆಂಬುದಕ್ಕೆ ರಸೀತಿ ಎಲ್ಲಿ ಎಂದು ಕೇಳುವ ಶಾಸ್ತ್ರ ಇವರದು.

2011ರ ಮೇ 13ರಂದು ಸುಪ್ರೀಮ್ ಕೋರ್ಟು ದೇಶಕ್ಕೆಲ್ಲ ಇದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಐದು ವರ್ಷಗಳ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ಕೋರ್ಟಿನ ಮುಂದೆ ಬಂದ ಲೆಕ್ಕವೇನು? ಬಾಧಿತರು 3,704, ಹಣ ಮುಟ್ಟಿದ್ದು ನ್ಯಾಯಾಂಗನಿಂದನೆಯ ಅರ್ಜಿ ಹಾಕಿದ್ದ ಎಂಟು ಮಂದಿಗೆ! ಕೋರ್ಟು ಛೀಮಾರಿ ಹಾಕಿದ ಮೇಲೆಯೇ ಉಳಿದವರಿಗೆ ಹಣ ಹೊರಟಿತು.

ನಮ್ಮ ಕರ್ನಾಟಕ ಏನು ಕಡಿಮೆ? ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಯ ಕಡೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ಇದೇ ಹೆಲಿಕಾಪ್ಟರು ಹಾರಿಸಿತು. ಇಂದು ಕೊಕ್ಕಡದಲ್ಲಿ, ಕೊಯಿಲದಲ್ಲಿ ಪಾಲನಾ ಕೇಂದ್ರಗಳಿವೆ, ಮಾಸಾಶನವಿದೆ. ಬೆಳೆದ ಮಗನಿಗೆ ತುತ್ತು ಮಾಡಿ ಉಣ್ಣಿಸುವ ತಾಯಿ, ತಾನು ಸತ್ತ ಮೇಲೆ ಯಾರು ಉಣ್ಣಿಸುವರೆಂದು ಕೇಳಿದರೆ ಅದಕ್ಕೆ ಯಾವ ಮಾಸಾಶನದಲ್ಲಿಯೂ ಉತ್ತರವಿಲ್ಲ.

ಒಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ಈ ತೋಟಗಳು ಯಾವ ಟಾಟಾ ಬಿರ್ಲಾರವೂ ಆಗಿರಲಿಲ್ಲ, ಸರಕಾರದವು. ಎಂಡೋಸಲ್ಫಾನ್ ತಯಾರಿಸಿದವರಲ್ಲಿ ಖಾಸಗಿ ಕಂಪನಿಗಳೂ ಇದ್ದವು, ಭಾರತ ಸರಕಾರದ್ದೇ ಆದ ಹಿಂದುಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಇತ್ತು. ಬಾಗಿಲಿಗೆ ಸರಕಾರದ ಬೋರ್ಡು ತೂಗಿದ ಮಾತ್ರಕ್ಕೆ ಅದು ಜನರ ಸೊತ್ತಾಗುವದಿಲ್ಲ. ಕೆಳಗಿನ ಕಣಿವೆಯ ಜನ ಬೇಡವೆಂದಾಗ ಮೇಲಿನ ಹೆಲಿಕಾಪ್ಟರು ಇಳಿಯಬೇಕು. ಆಗ ಮಾತ್ರ ಅದನ್ನು ಸಮಾಜದ ಒಡೆತನವೆನ್ನಬಹುದು.

ಎಂಡೋಸಲ್ಫಾನ್ ಹೋಯಿತು, ಈಗ ಇನ್ನೇನೆಂದು ಕೆಲವರು ಕೇಳಿಯಾರು. ಎಣ್ಣೆಯ ಅಂಗಡಿಗೆ ಹೋಗಿ ನೋಡಿರಿ, ಕ್ಲೋರೋಪೈರಿಫಾಸ್ ಹಳದಿ ಬಣ್ಣ ಹೊತ್ತು ಕುಳಿತಿದೆ. ಯುರೋಪಿನವರು ಇದನ್ನು 2020ರಲ್ಲಿ ಬಿಟ್ಟರು, ಮಕ್ಕಳ ಮಿದುಳಿನ ಕಾರಣವನ್ನೇ ಮುಂದಿಟ್ಟು. ಅಮೇರಿಕೆಯ ಸರಕಾರ 2021ರಲ್ಲಿ ಉಣ್ಣುವ ಬೆಳೆಗೆ ಬೇಡವೆಂದಿತು. 2023ರಲ್ಲಿ ಅಲ್ಲಿಯ ಕೋರ್ಟು ಆ ಆಜ್ಞೆಯನ್ನು ಹೊಡೆದುಹಾಕಿತು. ದುಡ್ಡಿನ ತೋಳು ಎಲ್ಲ ದೇಶದಲ್ಲಿಯೂ ಉದ್ದವೇ. 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳು ಇದನ್ನು ಜಗತ್ತಿನಿಂದ ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು, ಹಲವು ವಿನಾಯಿತಿಗಳೊಡನೆ. ನಮ್ಮ ಕೇಂದ್ರ ಸರಕಾರದ 2023ರ ಆದೇಶವಂತೂ ಸ್ವಾರಸ್ಯದ್ದು: ನಿಂಬೆಯ ಜಾತಿಗೆ, ಬಾರೆಹಣ್ಣಿಗೆ, ತಂಬಾಕಿಗೆ ಕ್ಲೋರೋಪೈರಿಫಾಸ್ ಹೊಡೆಯಬಾರದು, ಉಳಿದ ಬೆಳೆಗಳ ಮಾತಿಲ್ಲ. ಇಂಡಿಯ ನಿಂಬೆಗೆ ವಿಷವಾದದ್ದು ಬದುವಿನ ಆಚೆಯ ಹತ್ತಿಗೆ ಅಮೃತವೇ? ಗಾಳಿಗೆ ಬದು ಗೊತ್ತೇ? ನಿಂಬೆ ಬಿಡಿಸುವವಳೂ ಹತ್ತಿ ಬಿಡಿಸುವವಳೂ ಒಬ್ಬಳೇ ಅಲ್ಲವೇ?

ಗಿರಣಿಯ ಕಾಮಗಾರರು ಇದು ಹೊಲದವರ ಮಾತೆಂದು ಪುಟ ತಿರುವಬಾರದು. ಜಿನ್ನಿನಲ್ಲಿ, ದಾಲ್ ಮಿಲ್ಲಿನಲ್ಲಿ ದುಡಿಯುವ ನಿಮ್ಮಲ್ಲಿ ಎಷ್ಟು ಮಂದಿಯ ಮನೆಯ ಹೆಂಗಸರು ಹಂಗಾಮಿನಲ್ಲಿ ಕೂಲಿಗೆ ಹೋಗುವದಿಲ್ಲ? ಅಲ್ಲದೆ ಪೇಟೆಯ ವಿಷವೇ ಬೇರೆ ಇದೆ, ಸೀಸ. ಹಳೆಯ ಬ್ಯಾಟರಿ ಒಡೆಯುವ ಕಡೆ, ಕೆಲವು ಬಣ್ಣಗಳಲ್ಲಿ, ಹೊಳಪಿಗಾಗಿ ಸೀಸದ ಬಣ್ಣ ಬೆರಸಿದ ಅರಿಷಿಣದಲ್ಲಿ ಅದು ಕುಳಿತಿರುತ್ತದೆ. ಸುಣ್ಣದ ಅಂಶವೆಂದು ಮೈ ಮೋಸಹೋಗಿ ಸೀಸವನ್ನು ಎಲುಬಿಗೂ ಮಿದುಳಿಗೂ ಬಿಟ್ಟುಕೊಳ್ಳುತ್ತದೆ. ಉಂಡು ಬೆಳೆದ ಮಗುವಿಗಿಂತ ಕಬ್ಬಿಣದ ಅಂಶ ಕಡಿಮೆಯಿರುವ ಬಡ ಮಗುವಿನ ಕರುಳು ಅದನ್ನು ಹೆಚ್ಚು ಹೀರುತ್ತದೆ. 2020ರಲ್ಲಿ ಯುನಿಸೆಫ್ ಕೊಟ್ಟ ಅಂದಾಜಿನಂತೆ, ನೆತ್ತರಿನಲ್ಲಿ ಮಿತಿಮೀರಿ ಸೀಸವಿರುವ ಮಕ್ಕಳು ಭಾರತದಲ್ಲಿ 27 ಕೋಟಿಗೂ ಹೆಚ್ಚು.

ಸೀಸದ ಇತಿಹಾಸವೂ ಪಡ್ರೆಯ ಇತಿಹಾಸವೇ. ಪೆಟ್ರೋಲಿಗೆ ಸೀಸ ಬೆರಸುವ ಧಂದೆ ಅಮೇರಿಕೆಯಲ್ಲಿ ಸುರುವಾದಾಗ, 1924ರಲ್ಲಿ, ನ್ಯೂಜರ್ಸಿಯ ಕಾರಖಾನೆಯೊಂದರಲ್ಲಿ ಐವರು ಕಾಮಗಾರರು ಹುಚ್ಚು ಹಿಡಿದು ಸತ್ತರು. ಕಂಪನಿಗಳ ವಿಜ್ಞಾನಿ ಕೀಹೋ ಎಂಬವನು, ಸಾರ್ವಜನಿಕರಿಗೆ ಅಪಾಯವೆಂದು ಮೊದಲು ಸಿದ್ಧಮಾಡಿರಿ, ಆಮೇಲೆ ನಿಲ್ಲಿಸೋಣವೆಂದು ವಾದಿಸಿದನು. ಆ ಒಂದು ವಾದದ ಮೇಲೆ ಧಂದೆ ದಶಕಗಟ್ಟಲೆ ನಡೆಯಿತು. 1979ರಲ್ಲಿ ನೀಡಲ್‌ಮನ್ ಎಂಬ ಡಾಕ್ಟರರು ಬಾಸ್ಟನ್ ಪಟ್ಟಣದ ಬಳಿಯ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಕೂಡಿಸಿ ಅವುಗಳಲ್ಲಿಯ ಸೀಸವನ್ನು ಅಳೆದರು. ಅವರು ಕೇಳಿದ್ದು ಯಾರನ್ನು? ಮಾಸ್ತರರನ್ನು! ಈ ಮಗು ಕುಳಿತು ಕೇಳುತ್ತದೆಯೇ, ಹೇಳಿದ್ದನ್ನು ಕ್ರಮವಾಗಿ ಮಾಡುತ್ತದೆಯೇ ಎಂದು ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಬಗೆಗೆ ಅವರ ಮಾಸ್ತರರಿಂದ ಬರೆಸಿಕೊಂಡರು. ಹಲ್ಲಿನಲ್ಲಿ ಸೀಸ ಏರಿದಂತೆ ಮಾಸ್ತರರ ದೂರೂ ಏರಿತ್ತು. ಸೀಸದ ಪಕ್ಷ ಹಿಡಿದವರು ನೀಡಲ್‌ಮನ್ನರ ಮೇಲೆ ಸುಳ್ಳು ಲೆಕ್ಕದ ಆರೋಪ ಹೊರಿಸಿ ವಿಚಾರಣೆಗೆ ಎಳೆದರು. ಅವರು ನಿರ್ದೋಷಿಯಾಗಿ ಹೊರಬಂದರು. ಭಾರತದಲ್ಲಿ ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಜಗತ್ತಿನ ಕೊನೆಯ ದೇಶದಲ್ಲಿ 2021ರಲ್ಲಿ. ಮನೆಗೆ ಬಳಿಯುವ ಬಣ್ಣಕ್ಕೆ ನಮ್ಮ ಸರಕಾರ ಮಿತಿ ಹಾಕಿದ್ದು 2016ರ ನಿಯಮದಿಂದ: ಹತ್ತು ಲಕ್ಷ ಪಾಲಿನಲ್ಲಿ 90 ಪಾಲು ಸೀಸ ಮಾತ್ರ. ಕಾರಖಾನೆಗಳಲ್ಲಿ ಬಳಸುವ ಬಣ್ಣ ಆ ನಿಯಮದ ಹೊರಗೇ ಉಳಿಯಿತು.

ಎಣ್ಣೆಯಿಲ್ಲದೆ ಬೆಳೆ ಬಾರದು, ರೈತ ಸತ್ತುಹೋಗುವನೆಂಬ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವದಿಲ್ಲ. ತೊಗರಿಗೆ ಕಾಯಿಕೊರಕ ಬಿದ್ದ ವರ್ಷ ರೈತನ ಮನೆಯಲ್ಲಿ ಒಲೆ ಹೊತ್ತುವದಿಲ್ಲವೆಂಬುದು ನಮಗೆ ಗೊತ್ತು. ಆದರೆ ಕಾಸರಗೋಡಿನ ಗೇರು ಮರಗಳು ಹೆಲಿಕಾಪ್ಟರು ನಿಂತ ಮೇಲೆ ಒಣಗಿಹೋಗಲಿಲ್ಲ. ಮೋಹಕ ಬಲೆ, ಬೇವಿನ ಬೀಜದ ಕಷಾಯ, ಕೊನೆಗೆ ಬೇಕೇಬೇಕಾದರೆ ಎಣ್ಣೆ ಎಂಬ ಕ್ರಮವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೇ ಹೇಳುತ್ತ ಬಂದಿದ್ದಾರೆ. ಕಂಪನಿಯ ಏಜಂಟನು ಮೋಟಾರ್ ಸೈಕಲ್ ಹತ್ತಿ ಪ್ರತಿ ಊರಿಗೆ ಮುಟ್ಟುತ್ತಾನೆ. ಸರಕಾರದ ಕೃಷಿ ಸಹಾಯಕನು ಮುಟ್ಟುವದಿಲ್ಲ. ರೈತನಿಗೆ ಬುದ್ಧಿ ಹೇಳುವ ಕೆಲಸವನ್ನು ಮಾರುವವನಿಗೇ ಒಪ್ಪಿಸಿ, ಆಮೇಲೆ ರೈತನು ಹೆಚ್ಚು ಹೊಡೆಯುತ್ತಾನೆಂದು ದೂರುವದು ಯಾವ ನ್ಯಾಯ?

ಕಾನೂನಿನ ಗತಿಯನ್ನೂ ನೋಡಿರಿ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಎಣ್ಣೆ ಗೋದಿಹಿಟ್ಟಿನ ಜೊತೆಗೆ ಸಾಗಿ ಬಂದು, ಹಿಟ್ಟಿಗೆ ತಾಗಿ, ನೂರಕ್ಕೂ ಹೆಚ್ಚು ಜನ ಸತ್ತರು. ಕೀಟನಾಶಕ ಕಾಯದೆ ಬಂದದ್ದು ಹತ್ತು ವರ್ಷಗಳ ಮೇಲೆ, 1968ರಲ್ಲಿ. ಅದನ್ನು ಬದಲಿಸುವ ಮಸೂದೆ 2008ರಲ್ಲಿ ಬಂತು, ಬಿತ್ತು; 2020ರಲ್ಲಿ ಮತ್ತೆ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಮಸೂದೆ ಯಾರದೇ ಇರಲಿ, ನಮ್ಮ ಬೇಡಿಕೆ ಒಂದು: ಬೆಳೆಯುವ ಮಿದುಳಿಗೆ ಇದರಿಂದ ಹಾನಿಯಿಲ್ಲವೆಂದು ಮಾರುವವನು ಮೊದಲು ಸಿದ್ಧಮಾಡಲಿ, ಸ್ವತಂತ್ರ ಪ್ರಯೋಗಶಾಲೆಯಲ್ಲಿ, ಜನರೆದುರಿಗೆ. ಸಿದ್ಧಮಾಡುವ ತನಕ ಅದು ಪೇಟೆಗೆ ಬರಕೂಡದು. ಕಳ್ಳತನದ ಆರೋಪಿಯನ್ನು ಅಪರಾಧ ಸಿದ್ಧವಾಗುವ ತನಕ ನಿರಪರಾಧಿಯೆನ್ನುವದು ಧರ್ಮ, ಯಾಕಂದರೆ ಅವನು ಮನುಷ್ಯ. ಡಬ್ಬಿಯಲ್ಲಿಯ ಎಣ್ಣೆಗೆ ಈ ಹಕ್ಕನ್ನು ಕೊಟ್ಟವರು ಯಾರು?

ತಾಲೂಕಿನ ಮಟ್ಟದಲ್ಲಿ ಕೂಡಲೇ ಆಗಬೇಕಾದದ್ದೂ ಇದೆ. ಎಣ್ಣೆ ಹೊಡೆದ ಹೊಲಕ್ಕೆ, ಡಬ್ಬಿಯ ಮೇಲೆ ಬರೆದಷ್ಟು ದಿನ ಮುಗಿಯುವ ತನಕ, ಯಾವ ಹೆಂಗಸನ್ನೂ ಕೂಲಿಗೆ ಇಳಿಸಕೂಡದು. ಬಸುರಿಯರನ್ನು ಇಳಿಸಲೇಕೂಡದು, ಅವರ ಕೂಲಿಯನ್ನೂ ಕಡಿಯಕೂಡದು. ಅಂಗನವಾಡಿ, ಶಾಲೆಗಳಿಗೆ ಹತ್ತಿದ ಹೊಲದಲ್ಲಿ ಮಕ್ಕಳಿರುವ ವೇಳೆಯಲ್ಲಿ ಪಂಪು ಹಿಡಿಯಕೂಡದು. ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಈ ನಾಲ್ಕೂ ಕಡೆ ಮಕ್ಕಳ ನೆತ್ತರನ್ನೂ ಕುಡಿಯುವ ನೀರನ್ನೂ ಸರಕಾರದ ವೆಚ್ಚದಿಂದ ಪರೀಕ್ಷಿಸಿ ಲೆಕ್ಕವನ್ನು ಪಂಚಾಯತಿಯ ಗೋಡೆಗೆ ಹಚ್ಚಬೇಕು. ಬ್ಯಾಟರಿ, ಬಣ್ಣದ ಕೆಲಸದ ಕಾಮಗಾರರಿಗೆ ಮೈತೊಳೆಯಲು ನೀರು, ಬದಲಿಸಲು ಬಟ್ಟೆ ಕೆಲಸದ ಜಾಗದಲ್ಲಿಯೇ ಸಿಗಬೇಕು. ಅದೇ ಅಂಗಿಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ಸ್ಥಿತಿ ಇರಕೂಡದು.

ಸಣ್ಣ ವ್ಯಾಪಾರಸ್ಥರಿಗೆ ನಮ್ಮ ಬಿನ್ನಹ ಬೇರೆ. ಬೆಲ್ಲ, ಹಿಟ್ಟು ಇಡುವ ಅಂಗಡಿಯಲ್ಲಿ ಎಣ್ಣೆಯ ಡಬ್ಬಿ ಇಡುವದು ಕಾಯದೆಗೆ ವಿರುದ್ಧ. ಕೇರಳದಲ್ಲಿ 1958ರಲ್ಲಿ ಆದದ್ದು ಆ ಸಲಿಗೆಯಿಂದಲೇ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಷಿಣವನ್ನು ಪರೀಕ್ಷಿಸಿದಾಗ ನೂರಕ್ಕೆ 47 ಮಾದರಿಗಳಲ್ಲಿ ಸೀಸ ಸಿಕ್ಕಿತ್ತು. ದಂಡ ಹಾಕಿದರು, ಅಂಗಡಿಕಾರರಿಗೆ ತಿಳಿಸಿ ಹೇಳಿದರು. 2021ರಲ್ಲಿ ಒಂದರಲ್ಲಿಯೂ ಸಿಗಲಿಲ್ಲ. ಅಲ್ಲಿಯ ವ್ಯಾಪಾರಸ್ಥರಿಂದ ಎರಡು ವರ್ಷಗಳಲ್ಲಿ ಆದದ್ದು ನಮ್ಮವರಿಂದ ಆಗದೇ? ಅತಿಯಾಗಿ ಹೊಳೆಯುವ ಅಗ್ಗದ ಪುಡಿಯನ್ನು ಅಡತಿಯವನು ತಂದರೆ ಹಿಂದಕ್ಕೆ ಕಳಿಸಿರಿ. ಅರಿಷಿಣದ ಕೊಂಬನ್ನೇ ಕೊಂಡು ಬೀಸಿಸಿರಿ. ಎಣ್ಣೆಯ ಖಾಲಿ ಡಬ್ಬಿಯನ್ನು ಗುಜರಿಗೂ ಗಿರಾಕಿಗೂ ಇಡಿಯಾಗಿ ಕೊಡಬೇಡಿರಿ. ಎಷ್ಟು ತೊಳೆದರೂ ಅದು ತಂಬಿಗೆಯಾಗುವದಿಲ್ಲ. ತಳಕ್ಕೆ ಮೊಳೆ ಹೊಡೆದು ತೂತುಮಾಡಿ, ಜಜ್ಜಿ, ತಂದುಕೊಟ್ಟ ಕಂಪನಿಯ ಏಜಂಟನಿಗೇ ತಿರುಗಿ ಒಪ್ಪಿಸಿರಿ.